ಎಲೈಜಾ ಗೌನ್ ಮೈಮೇಲೆ ಕೂರುತ್ತಿಲ್ಲವೇ? ದೋಷ ಹುಡುಕುವ ಕ್ರಮ

ಗೌನ್ ಹೊಲಿದಾಗಿದೆ. ಬಟ್ಟೆ ಚೆನ್ನಾಗಿದೆ, ಹೊಲಿಗೆ ನೇರವಾಗಿದೆ, ಅಳತೆಯನ್ನೂ ಜೋಪಾನವಾಗಿಯೇ ತೆಗೆದದ್ದು. ಆದರೂ ಹಾಕಿಸಿ ನಿಲ್ಲಿಸಿದರೆ ಎದೆಯ ಕೆಳಗೆ ಸುಕ್ಕು. ಕೈ ಎತ್ತಿದರೆ ಸೊಂಟವೇ ಮೇಲೆ ಬರುತ್ತದೆ. ಲಂಗ ಹಗ್ಗದ ಮೇಲೆ ಒಣಹಾಕಿದ ಒದ್ದೆ ಸೀರೆಯ ಹಾಗೆ ಇಳಿಬಿದ್ದಿರುತ್ತದೆ. ತುಮಕೂರಿನಲ್ಲಿ ಕಾಲೇಜು ಫೆಸ್ಟ್‌ಗಳ ಕಾಲ ಬಂತೆಂದರೆ ಇಂಥ ಗೌನ್‌ಗಳು ನನ್ನ ಹೊಲಿಗೆ ಅಂಗಡಿಗೆ ರಿಪೇರಿಗೆ ಬರುತ್ತವೆ. ಅದರಲ್ಲೂ ಅಮೆರಿಕದ ಹಾಡು-ಕುಣಿತದ ನಾಟಕ 'ಹ್ಯಾಮಿಲ್ಟನ್' ಮ್ಯೂಸಿಕಲ್‌ನ ಎಲೈಜಾ ಹಾಕುವಂಥ ನೀಲಿ-ಹಸಿರು ಗೌನ್ ಜಾಸ್ತಿ. ತಂದವರು ಎಲ್ಲರೂ ಹೇಳುವುದು ಒಂದೇ: "ಅಕ್ಕಾ, ಇಲ್ಲಿ ಸ್ವಲ್ಪ ಹಿಡಿದುಕೊಡಿ, ಅಲ್ಲಿ ಸ್ವಲ್ಪ ಬಿಡಿ." ನಾನು ಹಿಡಿಯುವುದೂ ಇಲ್ಲ, ಬಿಡುವುದೂ ಇಲ್ಲ. ಮೊದಲು ಗೌನ್ ಬಿಚ್ಚಿಸಿ ಪಕ್ಕಕ್ಕೆ ಇಡುತ್ತೇನೆ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಯಾವ ಕಾಲದ ಉಡುಪು ಅಂತ ಗೊತ್ತಿಲ್ಲದಿದ್ದರೆ ಯಾವುದು ದೋಷ, ಯಾವುದು ಇರಬೇಕಾದದ್ದೇ ಹಾಗೆ ಅಂತ ಹೇಳಲು ಆಗುವುದಿಲ್ಲ. ಎಲೈಜಾ ನಿಜವಾಗಿ ಬದುಕಿದ್ದ ಹೆಂಗಸು. ಎಲಿಜಬೆತ್ ಸ್ಕೈಲರ್ ಹುಟ್ಟಿದ್ದು 1757ರಲ್ಲಿ, ಅಲೆಕ್ಸಾಂಡರ್ ಹ್ಯಾಮಿಲ್ಟನ್‌ನನ್ನು ಮದುವೆಯಾದದ್ದು 1780ರಲ್ಲಿ, ತೀರಿಕೊಂಡದ್ದು 1854ರಲ್ಲಿ. ಮ್ಯೂಸಿಕಲ್ ನ್ಯೂಯಾರ್ಕ್‌ನ ರಂಗಮಂದಿರಗಳ ಬೀದಿ ಬ್ರಾಡ್‌ವೇಗೆ ಬಂದದ್ದು 2015ರಲ್ಲಿ. ಅದರ ಉಡುಪುಗಳ ವಿನ್ಯಾಸ ಪಾಲ್ ಟೇಜ್‌ವೆಲ್ ಅವರದು, 2016ರಲ್ಲಿ ಅದಕ್ಕೆ ಟೋನಿ ಪ್ರಶಸ್ತಿ ಬಂತು. ಕತ್ತಿನಿಂದ ಕೆಳಗೆ ಹದಿನೆಂಟನೇ ಶತಮಾನ, ಕತ್ತಿನಿಂದ ಮೇಲೆ ಇವತ್ತಿನ ಕಾಲ. ಅವರು ಹಿಡಿದ ಲೆಕ್ಕ ಇದು. ನಾಟಕದ ಮೂವರು ಸ್ಕೈಲರ್ ಅಕ್ಕತಂಗಿಯರಲ್ಲಿ ಆಂಜೆಲಿಕಾಗೆ ಗುಲಾಬಿ ಛಾಯೆ, ಪೆಗ್ಗಿಗೆ ಹಳದಿ, ಎಲೈಜಾಗೆ ನೀಲಿ-ಹಸಿರು. ಹಾಗಾಗಿ ಕೂದಲು ಹೇಗೆ ಬಿಟ್ಟರೂ ನಡೆಯುತ್ತದೆ. ಗೌನ್ ಮಾತ್ರ 1770–80ರ ಆಕಾರಕ್ಕೆ ಬರಬೇಕು.

ಆ ಆಕಾರ ಹೀಗಿರುತ್ತದೆ. ಎದೆಯಿಂದ ಸೊಂಟದವರೆಗೆ ಲಾಳಿಕೆ, ಅಂದರೆ ಮೇಲೆ ಅಗಲ, ಕೆಳಗೆ ಕಿರಿದು, ಮುಂಭಾಗ ಪೂರ್ತಿ ನಯ. ಸೊಂಟ ದಾಟಿದ ತಕ್ಷಣ ಎರಡೂ ಪಕ್ಕ ಮತ್ತು ಹಿಂದೆ ಲಂಗ ಉಬ್ಬುತ್ತದೆ. ಗೌನ್‌ನ ಲಂಗ ಮುಂದೆ ತೆರೆದಿರುತ್ತದೆ, ಒಳಗಿನ ಲಂಗ ಕಾಣುತ್ತದೆ. ತೋಳು ಮೊಣಕೈವರೆಗೆ, ಬಿಗಿ. ಬೆನ್ನು ಚಿಕ್ಕದು.

ಈಗ ಬ್ಲೌಸ್ ಹೊಲಿಯುವವರ ಕೈ ಏನು ಮಾಡುತ್ತದೆ ನೋಡಿ. ಬ್ಲೌಸ್‌ನಲ್ಲಿ ಬಟ್ಟೆ ಮೈಯನ್ನು ಹಿಂಬಾಲಿಸುತ್ತದೆ. ಎದೆಗೆ ಟಕ್ಸ್ (ಬಟ್ಟೆ ಚಿವುಟಿ ಹಾಕುವ ಹೊಲಿಗೆ) ಹಿಡಿಯುತ್ತೇವೆ, ಕಟೋರಿ ಕೂರಿಸುತ್ತೇವೆ, ಪ್ರಿನ್ಸೆಸ್ ಕಟ್ ಹಾಕುತ್ತೇವೆ. ಈ ಗೌನ್‌ನಲ್ಲಿ ಇದಾವುದೂ ಇಲ್ಲ. ಮುಂಭಾಗಕ್ಕೆ ಟಕ್ಸ್ ಬೇಕಿಲ್ಲ, ಏಕೆಂದರೆ ಮೈಗೆ ಆಕಾರ ಕೊಡುವುದು ಒಳಗಿನ ಕಾರ್ಸೆಟ್, ಅಂದರೆ ಎದೆಯಿಂದ ಸೊಂಟದವರೆಗೆ ದಾರ ಕಟ್ಟಿ ಬಿಗಿಯುವ ಗಟ್ಟಿ ಒಳ ಉಡುಪು. ಆ ಕಾಲದಲ್ಲಿ ಅದನ್ನು ಸ್ಟೇಸ್ ಅನ್ನುತ್ತಿದ್ದರು. ಗೌನ್ ಅದರ ಮೇಲೆ ಹೊದಿಸಿದ ಹೊದಿಕೆ, ಅಷ್ಟೇ. ನನ್ನ ಹತ್ತಿರ ಬರುವ ದೂರುಗಳಲ್ಲಿ ಬಹುಪಾಲು ಗೌನ್‌ನವಲ್ಲ. ಗೌನ್ ಕೆಳಗೆ ಏನು ಇರಬೇಕಿತ್ತೋ ಅದು ಇಲ್ಲ, ಇಲ್ಲವೇ ತಪ್ಪಾಗಿದೆ. ಕಾಣುವುದು ಹೊರಗೆ, ಹುಟ್ಟುವುದು ಒಳಗೆ.

ಮೊದಲ ಪರೀಕ್ಷೆ: ಒಳಗಿನಿಂದ ಹೊರಗೆ

ಗೌನ್ ತೆಗೆದಿಡಿ. ಹಾಕಿಕೊಳ್ಳುವವರಿಗೆ ಒಂದೊಂದೇ ಪದರ ಹಾಕಿಸುತ್ತಾ ಬನ್ನಿ: ಸಡಿಲ ಹತ್ತಿ ಒಳಂಗಿ, ಸ್ಟೇಸ್, ಸೊಂಟದ ದಿಂಬು (ಲಂಗ ಉಬ್ಬಿಸಲು ಸೊಂಟಕ್ಕೆ ಕಟ್ಟುವುದು), ಒಳಲಂಗ, ಮೇಲಿನ ಲಂಗ, ಕೊನೆಗೆ ಗೌನ್. ಪ್ರತಿ ಪದರಕ್ಕೂ ಎರಡು ಹೆಜ್ಜೆ ನಡೆಸಿ, ಕೂರಿಸಿ, ಎಬ್ಬಿಸಿ. ಯಾವ ಪದರ ಹಾಕಿದಾಗ ತೊಂದರೆ ಶುರುವಾಯಿತೋ ದೋಷ ಅಲ್ಲಿದೆ.

"ಸ್ಟೇಸ್ ಹೊಲಿದೇ ಇಲ್ಲ, ಬ್ರಾ ಮೇಲೆ ಗೌನ್ ಹಾಕ್ತಿದೀವಿ" ಅನ್ನುವವರು ಅರ್ಧಕ್ಕರ್ಧ ಜನ. ಹಾಗಿದ್ದರೆ ಪರೀಕ್ಷೆ ಅಲ್ಲಿಗೇ ಮುಗಿಯಿತು. ಟಕ್ಸ್ ಇಲ್ಲದ ಚಪ್ಪಟೆ ಬಟ್ಟೆಯನ್ನು ದುಂಡು ಮೈಮೇಲೆ ಹಾಕಿದರೆ ಸುಕ್ಕು ಬಾರದೆ ಇನ್ನೇನು ಬರುತ್ತದೆ? ಆಗ ಎರಡೇ ದಾರಿ. ಸ್ಟೇಸ್ ಹೊಲಿಯಿರಿ. ಆಗಲ್ಲ ಅಂದರೆ ಗೌನ್‌ನ ಲೈನಿಂಗ್‌ಗೇ ಎಲುಬು, ಅಂದರೆ ಬಟ್ಟೆ ಮಡಿಯದಂತೆ ಒಳಗೆ ತೂರಿಸುವ ಗಟ್ಟಿ ಪಟ್ಟಿ, ಕೂರಿಸಿ. ಎರಡನೆಯದು ಕೈಲಾಗುವ ದಾರಿ, ಆದರೆ ಮೊದಲನೆಯದರ ನಯ ಬರುವುದಿಲ್ಲ. ಸುಮ್ನೆ ಟಕ್ಸ್ ಹಿಡಿದು ಸರಿಮಾಡಲು ಹೋದರೆ ಗೌನ್ ಹೋಗಿ ಉದ್ದ ಲಂಗದ ಬ್ಲೌಸ್ ಆಗುತ್ತದೆ. ಮೂರನೇ ಸಾಲಿನಲ್ಲಿ ಕೂತವರಿಗೂ ಅದು ಗೊತ್ತಾಗುತ್ತದೆ.

ಸ್ಟೇಸ್ ಇದೆ ಅನ್ನುವುದಾದರೆ ಹಿಂದಿನ ದಾರ ಕಟ್ಟಿ ಬೆನ್ನ ಕಡೆ ನೋಡಿ. ಎರಡೂ ಅಂಚುಗಳ ನಡುವೆ ಒಂದೂವರೆಯಿಂದ ಎರಡು ಇಂಚು ಬಿರುಕು ಇರಬೇಕು, ಮೇಲಿನಿಂದ ಕೆಳಗಿನವರೆಗೆ ಒಂದೇ ಸಮ. ಬಿರುಕೇ ಇಲ್ಲದೆ ಅಂಚು ಅಂಚಿಗೆ ಮುಟ್ಟಿದರೆ ಸ್ಟೇಸ್ ದೊಡ್ಡದಾಗಿದೆ, ಅದು ಹಿಡಿಯುತ್ತಲೇ ಇಲ್ಲ. ಮೇಲೆ ಕೂಡಿ ಕೆಳಗೆ ಬಾಯಿ ಬಿಟ್ಟರೆ ಸೊಂಟದ ಕಡೆ ಇಕ್ಕಟ್ಟು. ಕೆಳಗೆ ಕೂಡಿ ಮೇಲೆ ಬಾಯಿ ಬಿಟ್ಟರೆ ಎದೆ ಅಳತೆ ಸಾಲದು. ಗೌನ್ ಮೇಲೆ ಕಾಣುವ ಅಡ್ಡಾದಿಡ್ಡಿ ಸುಕ್ಕುಗಳಲ್ಲಿ ಎಷ್ಟೋ ಈ ಓರೆ ಬಿರುಕಿನಿಂದಲೇ ಬರುತ್ತವೆ.

ಸೊಂಟದ ಮೂಳೆಗೆ ಚುಚ್ಚುತ್ತದೆ ಅಂದರೆ ಸ್ಟೇಸ್‌ನ ಕೆಳಗಿನ ಸೀಳುಗಳನ್ನು ನೋಡಿ. ಸ್ಟೇಸ್ ಕೆಳಗೆ ಎಲೆಗಳ ಹಾಗೆ ಬಿಡಿಬಿಡಿ ತುಂಡುಗಳು ಇರುತ್ತವಲ್ಲ, ಆ ಸೀಳು ಸರಿಯಾಗಿ ಸೊಂಟದ ಗೆರೆಯವರೆಗೆ ಬರಬೇಕು. ಅರ್ಧ ಇಂಚು ಕಡಿಮೆ ಸೀಳಿದ್ದರೂ ಅಲ್ಲಿ ಬಟ್ಟೆ ಹರಡಿಕೊಳ್ಳುವುದಿಲ್ಲ, ಮೂಳೆ ಮೇಲೆ ಒತ್ತುತ್ತದೆ. ಸೊಂಟಕ್ಕೆ ಒಂದು ಲಾಡಿ ಕಟ್ಟಿ ಬಗ್ಗಿಸಿ ನೋಡಿ. ಲಾಡಿ ತಾನಾಗಿ ಹೋಗಿ ಕೂರುವ ಜಾಗವೇ ನಿಜವಾದ ಸೊಂಟ. ಅಲ್ಲಿಗೆ ಚಾಕ್ ಹಾಕಿ, ಅಲ್ಲಿಯವರೆಗೆ ಸೀಳಿ, ತುದಿಯನ್ನು ಗಟ್ಟಿ ಮಾಡಿ.

ಎಲುಬಿನ ಬಗ್ಗೆ ಒಂದು ಮಾತು. ಆ ಕಾಲದಲ್ಲಿ ತಿಮಿಂಗಿಲದ ಬಾಯಿಯಿಂದ ತೆಗೆದ ಪಟ್ಟಿ ಹಾಕುತ್ತಿದ್ದರು, ಅಗ್ಗದ್ದಕ್ಕೆ ಬೆತ್ತ ಅಥವಾ ಜೊಂಡು. ನಮಗೆ ಎಲೆಕ್ಟ್ರಿಕಲ್ ಅಂಗಡಿಯ ದಪ್ಪ ಕೇಬಲ್ ಟೈ ಸಾಕು. ಎಂಟು ಮಿಲಿಮೀಟರ್ ಅಗಲದ್ದು ಕೇಳಿ. ಬಿದಿರ ಸಿಬಿರು ಹಾಕಬಹುದಲ್ವಾ ಅಂತ ಕೇಳುವವರಿದ್ದಾರೆ. ಹಾಕಬಹುದು, ಆದರೆ ಕುಣಿಯುವಾಗ ಮುರಿದರೆ ಆ ತುದಿ ಹೊಟ್ಟೆಗೆ ಚುಚ್ಚುತ್ತದೆ. ನಾನು ಹಾಕುವುದಿಲ್ಲ. ಕೇಬಲ್ ಟೈ ಒಳಗೇ ತಿರುಚಿಕೊಳ್ಳುತ್ತಿದ್ದರೆ ಅದರ ಗೂಡಿನ ಹೊಲಿಗೆ ಅಗಲವಾಗಿದೆ. ಇನ್ನೊಂದು ಸಾಲು ಹೊಲಿದು ಕಿರಿದು ಮಾಡಿ. ಬಟ್ಟೆ ತೂತು ಮಾಡಿಕೊಂಡು ಹೊರಗೆ ಇಣುಕುತ್ತಿದ್ದರೆ ತುದಿಯನ್ನು ದುಂಡಗೆ ಕತ್ತರಿಸಿ, ಮೇಣದಬತ್ತಿಗೆ ಹಿಡಿದು ಅಂಚು ಕರಗಿಸಿ, ಗೂಡಿಗಿಂತ ಅರ್ಧ ಇಂಚು ಗಿಡ್ಡ ಮಾಡಿ.

ಇದು ನಾಟಕದ ಉಡುಪು. ಅದರಲ್ಲೂ ಹಾಡುವವರದು. ಅದಕ್ಕೇ ಇನ್ನೊಂದು ಪರೀಕ್ಷೆ. ಬರೀ ಸ್ಟೇಸ್ ಹಾಕಿಸಿ, ಅವರ ಹಾಡಿನಲ್ಲಿ ಉಸಿರು ಅತಿ ಉದ್ದ ಹಿಡಿಯಬೇಕಾದ ಸಾಲನ್ನು ಹಾಡಿಸಿ. ನಿಂತು ಒಮ್ಮೆ, ಕೂತು ಒಮ್ಮೆ. ಕೂತಾಗ ಮಾತ್ರ ಉಸಿರು ಸಿಕ್ಕಿಹಾಕಿಕೊಂಡರೆ ಮುಂದಿನ ಮಧ್ಯದ ಎಲುಬು ಉದ್ದವಾಗಿದೆ. ನಿಂತಾಗಲೂ ಕಷ್ಟ ಅಂದರೆ ದಾರ ಬಿಗಿಯಾಗಿದೆ. ಸ್ಟೇಸ್ ಇರುವುದು ಎದೆಯನ್ನು ಎತ್ತಿ ಹಿಡಿಯಲು. ಸೊಂಟ ಹಿಂಡಲು ಅಂತ ಸಿನಿಮಾ ನೋಡಿ ತಿಳಿದುಕೊಂಡವರು ದಾರವನ್ನು ಮಂಡಿ ಕೊಟ್ಟು ಎಳೆಯುತ್ತಾರೆ. ಬೇಡ.

ಸುಕ್ಕು ಓದುವುದು

ಒಳಪದರಗಳೆಲ್ಲ ಸರಿ ಅಂತಾದ ಮೇಲೆ ಗೌನ್ ಹಾಕಿಸಿ. ನೆನಪಿರಲಿ, ಗೌನ್ ಅಳತೆ ತೆಗೆಯುವುದು ಸ್ಟೇಸ್ ಮೇಲೆ. ಮೈಮೇಲೆ ತೆಗೆದ ಎದೆ ಅಳತೆಗೆ ಹೊಲಿದಿದ್ದರೆ ಅದು ಕೂರುವುದಿಲ್ಲ. ಸ್ಟೇಸ್ ಎದೆಯನ್ನು ಮೇಲೆತ್ತಿ ಚಪ್ಪಟೆ ಮಾಡಿರುತ್ತದೆ. ಅಗಲ, ಎತ್ತರ ಎರಡೂ ಬದಲಾಗಿರುತ್ತವೆ.

ಮುಟ್ಟುವ ಮೊದಲು ದೂರ ನಿಂತು ನೋಡಿ. ಸುಕ್ಕು ತಾನೇ ಹೇಳುತ್ತದೆ. ನಿಂತ ಗೆರೆಗಳಾಗಿ ಸಡಿಲ ಮಡಿಕೆ ಬಿದ್ದರೆ ಅಗಲ ಜಾಸ್ತಿ. ಅಡ್ಡ ಮಡಿಕೆ ಸಡಿಲವಾಗಿ ಬಿದ್ದರೆ ಉದ್ದ ಜಾಸ್ತಿ. ಅಡ್ಡ ಗೆರೆ ಬಿಗಿಯಾಗಿ ಎಳೆದ ಹಾಗಿದ್ದರೆ ಅಗಲ ಸಾಲದು. ಓರೆ ಗೆರೆ ಬಂದರೆ ಅದರ ಎರಡು ತುದಿಗಳನ್ನು ನೋಡಿ. ಒಂದು ತುದಿಯಲ್ಲಿ ಬಟ್ಟೆ ಸಿಕ್ಕಿಕೊಂಡಿದೆ. ಆ ಜಾಗದ ಹೊಲಿಗೆಯನ್ನು ಎರಡು ಇಂಚು ಬಿಚ್ಚಿ. ಗೆರೆ ಮಾಯವಾದರೆ ಸಿಕ್ಕಿಬಿದ್ದ ಜಾಗ ಅದೇ. ಮಾಯವಾಗದಿದ್ದರೆ ಇನ್ನೊಂದು ತುದಿ ಬಿಚ್ಚಿ.

ಒಂದು ಅಡ್ಡ ಮಡಿಕೆ ಮಾತ್ರ ಎಲ್ಲರನ್ನೂ ದಾರಿ ತಪ್ಪಿಸುತ್ತದೆ. ಸೊಂಟದ ಸ್ವಲ್ಪ ಮೇಲೆ, ಸುತ್ತಲೂ, ಬಳೆ ಹಾಕಿದ ಹಾಗೆ ಬರುವುದು. ಉದ್ದ ಜಾಸ್ತಿಯಾಗಿದೆ ಅಂತ ಅರ್ಧ ಇಂಚು ಕತ್ತರಿಸುತ್ತಾರೆ. ಮತ್ತೆ ಹಾಕಿದರೆ ಮಡಿಕೆ ಅಲ್ಲೇ ಇರುತ್ತದೆ. ಕಾರಣ ಕೆಳಗಿದೆ. ಸೊಂಟದ ದಿಂಬಿನ ಲಾಡಿ, ಒಳಲಂಗದ ಲಾಡಿ, ಮೇಲಿನ ಲಂಗದ ಪಟ್ಟಿ, ಮೂರೂ ಒಂದೇ ಗೆರೆಯಲ್ಲಿ ಕಟ್ಟಿದ್ದಾರೆ. ಅಲ್ಲಿ ಒಂದು ದಪ್ಪ ಉಂಗುರ ಆಗಿ ಗೌನನ್ನು ಮೇಲಕ್ಕೆ ತಳ್ಳುತ್ತಿದೆ. ಒಂದನ್ನು ಸೊಂಟಕ್ಕೆ, ಇನ್ನೊಂದನ್ನು ಅರ್ಧ ಇಂಚು ಕೆಳಗೆ, ದಿಂಬನ್ನು ಅದಕ್ಕೂ ಕೆಳಗೆ ಕಟ್ಟಿಸಿ. ಗಂಟುಗಳನ್ನೂ ಒಂದರ ಮೇಲೊಂದು ಬಾರದ ಹಾಗೆ ಪಕ್ಕಕ್ಕೆ ಸರಿಸಿ. ಕತ್ತರಿ ಮುಟ್ಟದೆ ಸರಿಹೋಗುವ ದೋಷ ಇದು.

ಕೈ ಎತ್ತಿದರೆ ಇಡೀ ಗೌನ್ ಮೇಲೆ ಬರುತ್ತದೆ

ಹಾಡುವವರು ಕೈ ಚಾಚಲೇಬೇಕು, ಕುಣಿಯುವವರು ತಲೆ ಮೇಲೆ ಎತ್ತಲೇಬೇಕು. ಹಾಗಾಗಿ ಈ ದೂರು ಬಾರದ ಗೌನ್ ಇಲ್ಲ. ಎಲ್ಲರೂ ಮಾಡುವುದು ಒಂದೇ ಕೆಲಸ. ಆರ್ಮ್‌ಹೋಲ್ (ತೋಳು ಜೋಡಿಸುವ ತೆರಪು) ಇಕ್ಕಟ್ಟು ಅಂತ ಕಂಕುಳ ಕೆಳಗೆ ಕತ್ತರಿ ಹಾಕಿ ಇನ್ನಷ್ಟು ಕೊರೆಯುತ್ತಾರೆ. ನಿಂತಾಗ ಆರಾಮ ಅನಿಸುತ್ತದೆ. ಕೈ ಎತ್ತಿದ ತಕ್ಷಣ ಮೊದಲಿಗಿಂತ ಜಾಸ್ತಿ ಎಳೆಯುತ್ತದೆ.

ಯಾಕೆ ಅಂತ ಮೈಮೇಲೆ ಕೈಯಿಟ್ಟು ನೋಡಿದರೆ ತಿಳಿಯುತ್ತದೆ. ಕೈ ಎತ್ತಿದಾಗ ತೋಳು ಆರ್ಮ್‌ಹೋಲ್‌ನ ತಳವನ್ನು ಹಿಡಿದು ಮೇಲಕ್ಕೆ ಎಳೆಯುತ್ತದೆ. ತಳ ಕಂಕುಳಿಗೆ ಅಂಟಿದಂತೆ ಇದ್ದರೆ ಎಳೆಯುವುದಕ್ಕೆ ಅಲ್ಲಿ ಬಟ್ಟೆಯೇ ಇರುವುದಿಲ್ಲ, ಕೈ ಒಂದೇ ತಿರುಗುತ್ತದೆ. ತಳ ಎರಡು ಇಂಚು ಕೆಳಗಿದ್ದರೆ ಆ ಎರಡು ಇಂಚಿನ ಜೊತೆಗೆ ಪಕ್ಕದ ಬಟ್ಟೆಯೆಲ್ಲ ಎದ್ದು ಬರುತ್ತದೆ. ಅಂದರೆ ಆರ್ಮ್‌ಹೋಲ್ ಚಿಕ್ಕದಾಗಬೇಕು, ಮೇಲೆ ಬರಬೇಕು. ಆ ಕಾಲದ ಗೌನ್‌ಗಳ ಆರ್ಮ್‌ಹೋಲ್ ನೋಡಿದರೆ ಮಕ್ಕಳದ್ದೇನೋ ಅನ್ನುವಷ್ಟು ಸಣ್ಣದು.

ಪರೀಕ್ಷೆ ಹೀಗೆ. ಕೈ ಇಳಿಬಿಟ್ಟು ನಿಲ್ಲಿಸಿ, ಕಂಕುಳಿಗೂ ಆರ್ಮ್‌ಹೋಲ್‌ನ ತಳದ ಹೊಲಿಗೆಗೂ ನಡುವೆ ನಿಮ್ಮ ಬೆರಳನ್ನು ಅಡ್ಡಲಾಗಿ ತೂರಿಸಿ. ಒಂದು ಬೆರಳು ಹಿಡಿದರೆ ಸರಿ. ಎರಡು ಹಿಡಿದರೆ ತೊಂದರೆ ಶುರು. ಮೂರು ಹಿಡಿದರೆ ತಳಕ್ಕೆ ತುಂಡು ಸೇರಿಸಿ ಮೇಲೆತ್ತಬೇಕು. ಅರ್ಧಚಂದ್ರದ ಆಕಾರದ ತುಂಡು, ಅದೇ ಬಟ್ಟೆಯದು, ಎಳೆ ಹೊಂದಿಸಿ. ತೋಳಿನ ಕೆಳಗೆ ಬರುವುದರಿಂದ ಯಾರಿಗೂ ಕಾಣುವುದಿಲ್ಲ. ಆ ಕಾಲದವರೂ ಬಟ್ಟೆ ಸಾಲದ ಕಡೆ ತುಂಡು ಜೋಡಿಸಿಯೇ ಹೊಲಿಯುತ್ತಿದ್ದರು. ಅದರಲ್ಲಿ ನಾಚಿಕೆ ಏನೂ ಇಲ್ಲ.

ತಳ ಸರಿಯಾದ ಎತ್ತರದಲ್ಲೇ ಇದೆ, ಆದರೂ ಎಳೆಯುತ್ತದೆ ಅಂದರೆ ತೋಳಿನ ಕೆಳಭಾಗ ಗಿಡ್ಡ. ಕಂಕುಳ ಹೊಲಿಗೆಯನ್ನು ಎರಡೂ ಕಡೆ ಮೂರು ಮೂರು ಇಂಚು ಬಿಚ್ಚಿ. ಕೈಯನ್ನು ನಾಟಕದಲ್ಲಿ ಎಷ್ಟು ಎತ್ತಬೇಕೋ ಅಷ್ಟು ಎತ್ತಿಸಿ. ಅಲ್ಲಿ ಕಣ್ಣಿನ ಆಕಾರದಲ್ಲಿ ಬಾಯಿ ತೆರೆಯುತ್ತದೆ. ಅದರ ಅತಿ ಅಗಲದ ಜಾಗವನ್ನು ಅಳೆಯಿರಿ. ಅದಕ್ಕೆ ಹೊಲಿಗೆ ಅಂಚು ಸೇರಿಸಿ, ಅಡ್ಡ ಎಳೆಯಲ್ಲಿ ಒಂದು ವಜ್ರಾಕೃತಿಯ ತುಂಡು ಕತ್ತರಿಸಿ ಅಲ್ಲಿ ಕೂರಿಸಿ. ನಮ್ಮ ಹಳೇ ಕಾಲದ ನಿಲುವಂಗಿಗಳ ಕಂಕುಳಲ್ಲಿ ಚೌಕ ತುಂಡು ಇರುತ್ತಿತ್ತಲ್ಲ, ಅದೇ ಕೆಲಸ. ಕೈ ಇಳಿಬಿಟ್ಟರೆ ಅದು ಒಳಗೆ ಮಡಚಿಕೊಳ್ಳುತ್ತದೆ.

ಕೈಯನ್ನು ಮುಂದಕ್ಕೆ ಚಾಚಿದಾಗ ಮಾತ್ರ ಬೆನ್ನು ಬಿಗಿಯುತ್ತದೆ ಅನ್ನುವುದು ಬೇರೆ ದೋಷ. ತನ್ನನ್ನು ತಾನೇ ತಬ್ಬಿಕೊಳ್ಳಲು ಹೇಳಿ. ಬೆನ್ನ ಮೇಲೆ ಅಡ್ಡ ಗೆರೆ ಎದ್ದರೆ ತೋಳಿನ ತಲೆಯ ಹಿಂಭಾಗಕ್ಕೆ ಬಟ್ಟೆ ಸಾಲದು. ಬೆನ್ನು ಅಗಲ ಮಾಡಲು ಹೋಗಬೇಡಿ. ಈ ಗೌನ್‌ನ ಬೆನ್ನು ಕಿರಿದಾಗಿಯೇ ಇರಬೇಕು, ತೋಳಿನ ಹೊಲಿಗೆ ಭುಜದ ಮೂಳೆಗಿಂತ ಒಳಗೇ ಬರಬೇಕು. ಅಗಲ ಮಾಡಿದರೆ ಆಕಾರವೇ ಹೋಯಿತು. ತೋಳನ್ನು ಬಿಚ್ಚಿ, ಹಿಂದಿನ ಕಡೆಗೆ ಅಂಚಿನಿಂದ ಬಟ್ಟೆ ಬಿಟ್ಟು ಮತ್ತೆ ಕೂರಿಸಿ.

ತೋಳು ಬಿಚ್ಚಿದಾಗಲೇ ಅದರ ದಿಕ್ಕನ್ನೂ ನೋಡಿಬಿಡಿ. ಬ್ಲೌಸ್ ತೋಳಿನ ಹಾಗೆ ಮಡಿಕೆಯ ಮಧ್ಯವನ್ನು ಭುಜದ ಹೊಲಿಗೆಗೆ ಸೇರಿಸುವುದು ಅಭ್ಯಾಸ. ಇಲ್ಲಿ ಹಾಗಲ್ಲ. ಕೈ ಸ್ವಾಭಾವಿಕವಾಗಿ ಸ್ವಲ್ಪ ಮುಂದಕ್ಕೆ ಬಾಗಿ ನಿಲ್ಲುತ್ತದೆ. ತೋಳನ್ನು ಮೈಮೇಲೆಯೇ ಗುಂಡುಸೂಜಿಯಲ್ಲಿ ಹಿಡಿದು, ಅರ್ಧ ಇಂಚು ಮುಂದೆ, ಅರ್ಧ ಇಂಚು ಹಿಂದೆ ತಿರುಗಿಸುತ್ತಾ ಹೋಗಿ. ಯಾವುದೋ ಒಂದು ಹಂತದಲ್ಲಿ ಮೊಣಕೈವರೆಗಿನ ಸುಳಿ ಸುಕ್ಕು ತಟಕ್ಕನೆ ಬಿಟ್ಟುಹೋಗುತ್ತದೆ. ಅಲ್ಲೇ ನಿಲ್ಲಿಸಿ ಕಚ್ಚಾ ಹೊಲಿಗೆ ಹಾಕಿ. ಕಾಗದದ ಮೇಲಿನ ಗುರುತಿಗಿಂತ ಇದನ್ನೇ ನಂಬಿ.

ಲಂಗ ಉಬ್ಬುತ್ತಿಲ್ಲ

ನಮ್ಮ ಕಡೆ ಗೌನ್ ಅಂದರೆ ಅಂಬ್ರೆಲ್ಲಾ ಕಟ್. ಈ ದೋಷದ ಬೇರು ಅದೇ. ಅಂಬ್ರೆಲ್ಲಾ ಕಟ್ ಸೊಂಟದಲ್ಲಿ ಅಂಟಿ, ಕೆಳಗೆ ಹೋದಂತೆ ಅಗಲವಾಗುತ್ತದೆ. 1770ರ ಲಂಗ ಸೊಂಟದಲ್ಲೇ ಉಬ್ಬಿ, ಅಲ್ಲಿಂದ ನೇರ ಕೆಳಗೆ ಬೀಳುತ್ತದೆ. ಅದಕ್ಕೆ ಬೇಕಾದದ್ದು ಆಯತದ ಬಟ್ಟೆ, ಸೊಂಟಕ್ಕೆ ಒತ್ತೊತ್ತು ನೆರಿಗೆ. 44 ಇಂಚು ಪನ್ನದ ಮೂರು ತುಂಡು ಅಡ್ಡ ಜೋಡಿಸಿದರೆ ಸುಮಾರು 130 ಇಂಚು ಘೇರು ಬರುತ್ತದೆ, ಸಾಕು. ಅಂಬ್ರೆಲ್ಲಾ ಕತ್ತರಿಸಿ ಆಗಿಹೋಗಿದ್ದರೆ ಅದನ್ನು ಸರಿಮಾಡುವ ದಾರಿ ಇಲ್ಲ. ಅದನ್ನು ಬೇರೆ ಯಾವುದಕ್ಕಾದರೂ ಇಟ್ಟುಕೊಳ್ಳಿ, ಲಂಗ ಹೊಸದಾಗಿ ಕತ್ತರಿಸಿ.

ಕಟ್ ಸರಿಯಾಗಿದ್ದೂ ಉಬ್ಬದಿದ್ದರೆ ಒಂದು ಟವೆಲ್ ತೆಗೆದುಕೊಳ್ಳಿ. ಸುರುಳಿ ಸುತ್ತಿ, ಲಂಗದ ಕೆಳಗೆ ಸೊಂಟದ ಪಕ್ಕ ಮತ್ತು ಹಿಂದಕ್ಕೆ ಕಟ್ಟಿ, ಮುಂದೆ ಖಾಲಿ ಬಿಡಿ. ತಕ್ಷಣ ಆಕಾರ ಬಂತಾ? ಹಾಗಿದ್ದರೆ ಬೇಕಾಗಿದ್ದದ್ದು ದಿಂಬು. ಬಂದರೂ ದಿಂಬಿನ ಅಂಚು ಗೆರೆಯಾಗಿ ಎದ್ದು ಕಾಣುತ್ತಿದೆಯಾ? ಹಾಗಿದ್ದರೆ ನಡುವೆ ಇನ್ನೊಂದು ಒಳಲಂಗ ಬೇಕು. ದಿಂಬಿಗೆ ಬೂರುಗದ ಹತ್ತಿ ತುಂಬಿದರೆ ಎರಡು ರಿಹರ್ಸಲ್‌ಗೆ ಚಪ್ಪಟೆಯಾಗುತ್ತದೆ. ಕತ್ತರಿಸಿ ಉಳಿದ ಬಟ್ಟೆ ಚೂರುಗಳನ್ನು ಗಟ್ಟಿಯಾಗಿ ತುಂಬಿ. 1770ರ ದಶಕದಲ್ಲಿ ಇಂಗ್ಲೆಂಡಿನ ಹೆಂಗಸರು ಹಗುರ ಅಂತ ಕಾರ್ಕ್ ತುಂಬಿಕೊಂಡು, ವ್ಯಂಗ್ಯಚಿತ್ರ ಬರೆಯುವವರ ಕೈಗೆ ಸಿಕ್ಕಿ ನಗೆಪಾಟಲಾಗಿದ್ದರು. ಚಿಂದಿ ಬಟ್ಟೆಗೆ ಆ ಕಾಟ ಇಲ್ಲ.

ದಿಂಬು ಬಂದ ಮೇಲೆ ಲಂಗದ ಕೆಳಗಿನ ಅಂಚು ಪಕ್ಕದಲ್ಲಿ ಮೇಲೆದ್ದು ಮುಂದೆ ಜೋತುಬೀಳುತ್ತದೆ. ಕೆಳಗೆ ಕತ್ತರಿಸಿ ಸಮ ಮಾಡಬೇಡಿ. ಈ ಲಂಗಗಳ ಕೆಳಗಿನ ಅಂಚು ಯಾವತ್ತೂ ನೇರ ಎಳೆಯಲ್ಲೇ ಇರುತ್ತದೆ. ಸಮ ಮಾಡುವುದು ಮೇಲಿನಿಂದ. ಹಾಕಿಸಿ ನಿಲ್ಲಿಸಿ, ನೆಲದಿಂದ ಎರಡು ಇಂಚು ಎತ್ತರಕ್ಕೆ ಅಂಚನ್ನು ಸುತ್ತಲೂ ಹೊಂದಿಸಿ, ಉಳಿದ ಬಟ್ಟೆಯನ್ನು ಸೊಂಟದ ಲಾಡಿಯ ಮೇಲಕ್ಕೆ ಎಳೆದು, ಲಾಡಿಯ ಗೆರೆಗೆ ಚಾಕ್ ಹಾಕಿ. ಮುಂದೆ ಜಾಸ್ತಿ ಬಟ್ಟೆ ಮೇಲೆ ಹೋಗುತ್ತದೆ, ಪಕ್ಕದಲ್ಲಿ ಕಡಿಮೆ. ಆ ಗೆರೆಗೆ ನೆರಿಗೆ ಹಿಡಿದು ಪಟ್ಟಿ ಕೂರಿಸಿ. ಕುಣಿತ ಇದ್ದರೆ ಎರಡು ಇಂಚಿನ ಬದಲು ಮೂರು ಬಿಡಿ. ಅಂಚು ತುಳಿದು ಬಿದ್ದರೆ ಇತಿಹಾಸ ಯಾರೂ ನೋಡಲ್ಲ.

ಗೌನ್‌ನ ಮುಂದಿನ ತೆರಪು ನಡೆಯುವಾಗ ಪಕ್ಕಕ್ಕೆ ಓಡುತ್ತಿದ್ದರೆ ಮುಂದಿನ ನಾಲ್ಕು ಇಂಚಿನ ನೆರಿಗೆ ಬಿಚ್ಚಿ, ಅಂಚು ನೇರ ಬೀಳುವವರೆಗೆ ಬಟ್ಟೆಯನ್ನು ಕೈಯಲ್ಲಿ ಏರಿಸಿ ಇಳಿಸಿ ಮತ್ತೆ ಹಿಡಿಯಿರಿ.

ಬೆನ್ನು ಬಾಯಿ ಬಿಡುತ್ತದೆ, ಮುಂಭಾಗ ಕೂಡುವುದಿಲ್ಲ

ಕುತ್ತಿಗೆಯ ಹಿಂದೆ ಗೌನ್ ಮೈಯಿಂದ ದೂರ ನಿಂತರೆ ಕುತ್ತಿಗೆಯನ್ನು ದೂರಬೇಡಿ. ಲಂಗದ ಭಾರ ಪೂರ್ತಿ ಮೇಲಿನ ಭಾಗದ ಮೇಲೆ ನೇತಾಡುತ್ತಿದೆ. ಒಳಗೆ ಸೊಂಟದ ಹೊಲಿಗೆಗೆ ಒಂದು ಇಂಚು ಅಗಲದ ಗಟ್ಟಿ ಟೇಪನ್ನು ಬೆನ್ನ ಕಡೆ ಹೊಲಿದು, ಎರಡು ತುದಿ ಮುಂದೆ ಹುಕ್ ಹಾಕುವಂತೆ ಬಿಡಿ. ಮೊದಲು ಆ ಟೇಪ್ ಬಿಗಿಸಿ, ಆಮೇಲೆ ಗೌನ್ ಮುಚ್ಚಿಸಿ. ಭಾರ ಸೊಂಟಕ್ಕೆ ಹೋಗುತ್ತದೆ, ಬೆನ್ನು ತಾನೇ ಕೂರುತ್ತದೆ.

ಮುಂಭಾಗದ ಅಂಚುಗಳು ಒಂದರ ಮೇಲೊಂದು ಬರುವುದಿಲ್ಲ, ಅಂಚಿಗೆ ಅಂಚು ಮುಟ್ಟುತ್ತವೆ. ಆ ಕಾಲದವರು ಗುಂಡುಸೂಜಿ ಚುಚ್ಚಿಯೇ ಮುಚ್ಚುತ್ತಿದ್ದರು. ರಂಗದ ಮೇಲೆ ಅದು ಬೇಡ, ಹುಕ್ ಸಾಕು. ಹುಕ್ ನಡುವೆ ಬಟ್ಟೆ ಬಾಯಿ ಬಿಟ್ಟರೆ ಹುಕ್ ಜಾಸ್ತಿ ಮಾಡುವುದಕ್ಕಿಂತ ಮೊದಲು ಎರಡೂ ಅಂಚಿಗೆ ಒಂದೊಂದು ಎಲುಬು ಹಾಕಿ ನೋಡಿ. ಬೇಗ ಬದಲಾಯಿಸಬೇಕು ಅಂತ ವೆಲ್ಕ್ರೋ ಹಾಕಿಸುವವರು ಒಂದು ವಿಷಯ ಯೋಚಿಸಬೇಕು. ಅದರ ಪರ್ರ್ ಅನ್ನುವ ಸದ್ದನ್ನು ಕಾಲರ್ ಮೈಕ್ ಹಿಡಿಯುತ್ತದೆ, ಕಡೇ ಸಾಲಿನವರೆಗೂ ಕೇಳಿಸುತ್ತದೆ.

ಬಟ್ಟೆ ಮತ್ತು ಲೈನಿಂಗ್

ಇಸ್ತ್ರಿ ಮಾಡಿದ ಮೇಲೆ ಹೊರಬಟ್ಟೆ ಗುಳ್ಳೆ ಗುಳ್ಳೆಯಾಗಿ ಎದ್ದರೆ ಲೈನಿಂಗ್ ಕುಗ್ಗಿದೆ. ಬ್ಲೌಸ್ ಲೈನಿಂಗ್ ನೆನೆಸಿ ಒಣಗಿಸದೆ ಹೊಲಿದರೆ ಆಗುವುದೇ ಇಲ್ಲೂ ಆಗುತ್ತದೆ. ಬಿಚ್ಚಿ ಹೊಸದು ಹಾಕುವುದು ಬಿಟ್ಟು ಬೇರೆ ದಾರಿ ಇಲ್ಲ. ಲೈನಿಂಗ್ ಒಂದನ್ನೇ ಹಾಕಿಸಿದಾಗ ಸುಕ್ಕಿಲ್ಲ, ಹೊರಬಟ್ಟೆ ಸೇರಿದಾಗ ಸುಕ್ಕು ಅಂದರೆ ಹೊರಬಟ್ಟೆಯ ಎಳೆ ಓರೆಯಾಗಿದೆ. ಅಂಚಿನಿಂದ ಒಂದು ನೂಲು ಎಳೆದು ಹಾಸಿನ, ಅಂದರೆ ಉದ್ದ ಎಳೆಯ, ದಿಕ್ಕು ನೋಡಿ. ಬಟ್ಟೆ ಉಳಿಸಲು ತಿರುಗಿಸಿ ಕತ್ತರಿಸಿದ ತುಂಡು ಯಾವುದು ಅಂತ ತಿಳಿಯುತ್ತದೆ.

ಎಂ.ಜಿ. ರಸ್ತೆಯ ಬಟ್ಟೆ ಅಂಗಡಿಗಳಲ್ಲಿ ಈ ಬಣ್ಣಕ್ಕೆ ಅಂತ ಕೇಳಿದರೆ ಹೊಳೆಯುವ ಪಾಲಿಯೆಸ್ಟರ್ ಸ್ಯಾಟಿನ್ ಕೈಗೆ ಕೊಡುತ್ತಾರೆ. ಅದರಲ್ಲಿ ಪ್ರತಿ ಸುಕ್ಕೂ ಎರಡರಷ್ಟು ಕಾಣುತ್ತದೆ, ಬೆವರೂ ಇಂಗುವುದಿಲ್ಲ. ಹೊಳಪು ಕಡಿಮೆ ಇರುವ ಟಫೆಟಾ ಅಥವಾ ಡುಪಿಯನ್ ಎಷ್ಟೋ ಮೇಲು. ಎಲೈಜಾಳದೇ ಬಣ್ಣ ಬೇಕು ಅಂತ ಹಟ ಇಲ್ಲದಿದ್ದರೆ ಕಲಂಕಾರಿ ಹತ್ತಿಯನ್ನೂ ನೋಡಿ. ನಮ್ಮ ಕೋರಮಂಡಲ ತೀರದ ಚೀಟಿ ಬಟ್ಟೆಗೆ ಆಗ ಯುರೋಪಿನಲ್ಲಿ ಎಷ್ಟು ಹುಚ್ಚಿತ್ತೆಂದರೆ, ತಮ್ಮ ನೇಕಾರರನ್ನು ಉಳಿಸಿಕೊಳ್ಳಲು ಇಂಗ್ಲೆಂಡ್ 1721ರಲ್ಲಿ ಅಚ್ಚಿನ ಹತ್ತಿ ಬಟ್ಟೆಯನ್ನೇ ನಿಷೇಧಿಸಿತು. ಆ ಕಾನೂನು ಹೋಗಿದ್ದು 1774ರಲ್ಲಿ. ಹಾಗಾಗಿ 1780ರ ಗೌನ್‌ಗೆ ಕಲಂಕಾರಿ ಹಾಕಿದರೆ ಯಾರೂ ತಪ್ಪು ಹಿಡಿಯುವ ಹಾಗಿಲ್ಲ.

ಹೊಲಿಗೆ ಸುರುಟಿಕೊಳ್ಳುವುದು, ಟಾಕು ಬಿಡುವುದು, ಇವು ಮೆಷಿನ್ ದೋಷಗಳು. ರೇಷ್ಮೆಯಂಥ ಬಟ್ಟೆಗೆ 11ನೇ ನಂಬರ್ ಹೊಸ ಸೂಜಿ, ಟೆನ್ಶನ್ ಸ್ವಲ್ಪ ಸಡಿಲ. ಸ್ಟೇಸ್‌ನ ದಪ್ಪ ಪದರಕ್ಕೆ 16ನೇ ನಂಬರ್. ಅದೇ ಸೂಜಿಯಲ್ಲಿ ಎರಡನ್ನೂ ಹೊಲಿದರೆ ರೇಷ್ಮೆಯಲ್ಲಿ ನೂಲು ಎಳೆದ ಗೆರೆಗಳು ಬರುತ್ತವೆ. ಅವು ಇಸ್ತ್ರಿಗೆ ಹೋಗುವುದಿಲ್ಲ.

ದೀಪದ ಕೆಳಗೆ

ಅಂಗಡಿಯಲ್ಲಿ ಎಲ್ಲಾ ಸರಿ ಕಂಡ ಗೌನ್ ರಂಗದ ಮೇಲೆ ಕೆಡುವುದುಂಟು. ಗುಬ್ಬಿ ನಮಗೆ ಕೂಗಳತೆ ದೂರ. 1884ರಲ್ಲಿ ಅಲ್ಲಿ ಹುಟ್ಟಿದ ನಾಟಕ ಕಂಪನಿಯಿಂದಾಗಿ ಈ ಕಡೆಯ ಹಳೇ ದರ್ಜಿಗಳಿಗೆ ಒಂದು ವಿಷಯ ಚೆನ್ನಾಗಿ ಗೊತ್ತಿತ್ತು: ವೇಷವನ್ನು ಕೈಯಲ್ಲಿ ಹಿಡಿದು ನೋಡಬಾರದು, ದೀಪ ಹಾಕಿ ದೂರದಿಂದ ನೋಡಬೇಕು. ನೀಲಿ-ಹಸಿರು ಬಣ್ಣದ ಮೇಲೆ ಹಳದಿ ದೀಪ ಬಿದ್ದರೆ ಅದು ಮಂಕಾಗಿ ಬೂದಿ ಬಣ್ಣಕ್ಕೆ ತಿರುಗುತ್ತದೆ. ಬಟ್ಟೆ ಕೊಳ್ಳುವಾಗಲೇ ಒಂದು ಚೂರು ತಂದು, ಮೊಬೈಲ್ ಟಾರ್ಚ್‌ಗೆ ಹಳದಿ ಜೆಲಟಿನ್ ಕಾಗದ ಸುತ್ತಿ ಕತ್ತಲೆ ಕೋಣೆಯಲ್ಲಿ ನೋಡಿ. ಮಂಕಾದರೆ ಒಂದು ಛಾಯೆ ತಿಳಿಯಾದದ್ದು ತೆಗೆದುಕೊಳ್ಳಿ, ಇಲ್ಲವೇ ದೀಪದವರಿಗೆ ಮೊದಲೇ ಹೇಳಿ. ಗುಬ್ಬಿ ವೀರಣ್ಣ ಕಲಾಕ್ಷೇತ್ರದಂಥ ರಂಗಮಂದಿರದಲ್ಲಿ ಆಡುವುದಾದರೆ ರಿಹರ್ಸಲ್ ದಿನವೇ ಗೌನ್ ಹಾಕಿಸಿ ದೀಪದ ಕೆಳಗೆ ನಿಲ್ಲಿಸಿ, ನೀವು ಹಿಂದಿನ ಸಾಲಿನಲ್ಲಿ ಕೂತು ನೋಡಿ. ಅಲ್ಲಿಂದ ಕಾಣದ ಸುಕ್ಕನ್ನು ಬಿಟ್ಟುಬಿಡಿ. ರಾತ್ರಿಯೆಲ್ಲ ಕೂತು ಅದನ್ನು ತೆಗೆಯುವ ಅಗತ್ಯ ಇಲ್ಲ.

ಕಾಲರ್ ಮೈಕ್‌ನ ಡಬ್ಬಿ ಎಲ್ಲಿ ಇಡುವುದು ಅಂತ ಕಡೇ ಗಳಿಗೆಯಲ್ಲಿ ಎಲ್ಲರೂ ಕೇಳುತ್ತಾರೆ. ಸ್ಟೇಸ್ ಒಳಗೆ ತುರುಕಿದರೆ ಬೆನ್ನಿನಲ್ಲಿ ಗಂಟು ಎದ್ದು, ಅಷ್ಟು ಹೊತ್ತು ಸರಿಮಾಡಿದ್ದೆಲ್ಲ ಓರೆಯಾಗುತ್ತದೆ. ಆ ಕಾಲದ ಹೆಂಗಸರ ಜೇಬು ಲಂಗಕ್ಕೆ ಹೊಲಿದದ್ದಲ್ಲ. ಬೇರೆಯಾಗಿ ಒಂದು ಚೀಲ, ಲಾಡಿಯಲ್ಲಿ ಸೊಂಟಕ್ಕೆ ಕಟ್ಟಿಕೊಂಡು, ಲಂಗದ ಪಕ್ಕದ ಸೀಳಿನಿಂದ ಕೈ ಹಾಕುತ್ತಿದ್ದರು. ನಮ್ಮ ಅಜ್ಜಿಯರ ಎಲೆಅಡಿಕೆ ಚೀಲದ ಅಳತೆಯದೇ ಒಂದು ಹೊಲಿದು, ದಿಂಬಿನ ಕೆಳಗೆ ಬರುವಂತೆ ಕಟ್ಟಿ. ಡಬ್ಬಿ ಅದರೊಳಗೆ ಹೋಗುತ್ತದೆ, ವೈರ್ ಸ್ಟೇಸ್‌ನ ಬೆನ್ನಿನ ಬಿರುಕಿನಲ್ಲಿ ಮೇಲೆ ಬರುತ್ತದೆ. ಬ್ಯಾಟರಿ ಬದಲಿಸಬೇಕಾದರೆ ಗೌನ್ ಬಿಚ್ಚದೆ ಪಕ್ಕದ ಸೀಳಿನಿಂದಲೇ ಕೈ ಹಾಕಿ ತೆಗೆಯಬಹುದು.